ಗುಡ್ಡದಲ್ಲಿ ಏನೂ ಇಲ್ಲ ಎಂದು ಬರೆದೆ

ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದೆ ಎಂದು ಹೇಳಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಹುಲಿ ನೋಡಿದ್ದೀರೇನು ಎಂಬುದು. ನೋಡಿದ್ದೇನೆ, ಒಮ್ಮೆ, ಅದೂ ಅದರ ಬೆನ್ನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಬೇತಿಗೆಂದು ನಮ್ಮನ್ನು ದಕ್ಷಿಣದ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದಿದ್ದರು. ಅಲ್ಲಿ ಆನೆ, ಕಾಟಿ, ಹುಲಿ ಎಲ್ಲ ಇದ್ದವು. ಅಲ್ಲಿನ ಕಾಡಿನ ಜನ ಒಂದೊಂದು ಬಂಡೆಗೂ ಒಂದೊಂದು ಕಥೆ ಹೇಳುತ್ತಿದ್ದರು. ಈ ಬಂಡೆಯ ಮೇಲೆ ನಮ್ಮ ಅಜ್ಜಿ ಕೂತಿದ್ದಾಳೆ, ಆ ಮರದಲ್ಲಿ ನಮ್ಮ ಮಾವ ಇದ್ದಾನೆ ಎನ್ನುತ್ತಿದ್ದರು. ನಾವು ಹೊಸ ಗಾರ್ಡುಗಳು ಎದುರಿಗೆ ಭಕ್ತಿಯಿಂದ ತಲೆಯಾಡಿಸಿ, ಕೋಣೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ತರಬೇತಿ ಮುಗಿಸಿ ಬಂದಾಗ ನನಗೆ ಸಿಕ್ಕ ಕಾಡಿನಲ್ಲಿ ಮರವೇ ಇರಲಿಲ್ಲ. ಹುಕ್ಕೇರಿಗೂ ಗೋಕಾಕಿಗೂ ನಡುವೆ ಕೆಂಪು ಗರಸು ಮಣ್ಣಿನ ಬೋಳು ಗುಡ್ಡಗಳು. ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಕವಳಿ ಕಂಟಿ, ಬಾರಿ ಕಂಟಿಯಂಥ ಮುಳ್ಳುಪೊದೆ. ನಾನು ಹುಟ್ಟಿದ್ದು ಹತ್ತರಗಿ ಹತ್ತಿರದ ರೈತರ ಮನೆಯಲ್ಲಿ. ಸಣ್ಣವನಿದ್ದಾಗ ದನ ಮೇಯಿಸಲು ಇಂಥ ಗುಡ್ಡಗಳಿಗೇ ಹೋದವನು. ಸರಕಾರಿ ಖಾಕಿ ಅಂಗಿ ಹಾಕಿಕೊಂಡು ಅದೇ ಗುಡ್ಡಕ್ಕೆ ಕಾವಲು ನಿಲ್ಲಬೇಕೆಂದಾಗ ಅವಮಾನವಾಯಿತು. ನಮ್ಮ ಅಪ್ಪನಂತೂ ಮನೆಗೆ ಬಂದವರ ಮುಂದೆಲ್ಲ, ನಮ್ಮ ಬಾಳಪ್ಪ ಹುಲ್ಲು ಕಾಯುವ ನೌಕರಿ ಹಿಡಿದಿದ್ದಾನೆ ಎಂದು ಹೇಳುತ್ತಿದ್ದ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ವಿಷಯ ಬಿಡುತ್ತೇನೆ. ಎಲ್ಲರ ಸರ್ವಿಸ್ ಬುಕ್ಕಿನಲ್ಲೂ ಅವು ಒಂದೇ ತರಹ ಇರುತ್ತವೆ. ಸರ್ವಿಸ್ ಬುಕ್ಕಿನಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಎಲ್ಲಕ್ಕಿಂತ ಪ್ರೀತಿಯಿಂದ ಮಾಡಿದ ತಪ್ಪು ಅದು.

ಆ ಕಾಲದಲ್ಲಿ ನಮ್ಮ ಕೆಲಸ ಎಂದರೆ ಗಿಡ ಹಚ್ಚುವುದು. ಎಲ್ಲಿ ಹುಲ್ಲು ಕಂಡರೂ ಅದು ಹಾಳುಬಿದ್ದ ಕಾಡು ಎಂದೇ ನಮಗೆ ಕಲಿಸಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಕೂಲಿಯವರನ್ನು ಕರೆದುಕೊಂಡು ಹಾರೆ, ಗುದ್ದಲಿಯಿಂದ ಗುಂಡಿ ತೋಡಿಸಬೇಕು, ಮಳೆ ಬಿದ್ದ ಮೇಲೆ ಸಸಿ ನೆಡಿಸಬೇಕು. ಮೇಲಿನವರು ಬಂದರೆ ಕೇಳುವುದು ಒಂದೇ ಮಾತು, ಎಷ್ಟು ಬದುಕಿವೆ. ಸಸಿ ಬದುಕದಿದ್ದರೆ ತಪ್ಪು ಗಾರ್ಡಿನದು, ಗಾರ್ಡಿನ ಪ್ರಕಾರ ತಪ್ಪು ಕುರಿಗಳದ್ದು. ಹೀಗಾಗಿ ನನಗೆ ಕುರಿಗಾರರ ಮೇಲೆ ಹಲ್ಲು ಮಸೆಯುವ ಕೆಲಸ ನೌಕರಿಯ ಜೊತೆಗೇ ಬಂತು.

ಮಾಯಪ್ಪ ಕಾಕಾನ ಪರಿಚಯ ಆದದ್ದು ಹಾಗೆ. ಮೂಡಲಗಿ ಕಡೆಯ ಕುರುಬ. ಕಬ್ಬು ಕಟಾವಾದ ಮೇಲೆ ಅಲ್ಲಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾನೆ, ಉಳಿದ ದಿನ ನಮ್ಮ ಗುಡ್ಡಗಳಲ್ಲಿ ಮೇಯಿಸುತ್ತಾನೆ. ಆಗ ಅವನಿಗೆ ನಲವತ್ತರ ಹತ್ತಿರ ಇರಬೇಕು. ಅವನನ್ನು ನಾನು ಏಕವಚನದಲ್ಲೇ ಬರೆಯುತ್ತೇನೆ. ಬಹುವಚನ ಹಚ್ಚಿದರೆ, ಯಾರನ್ನು ಕರೆಯುತ್ತಿದ್ದಾನೆ ಎಂದು ಅವನು ಹಿಂದೆ ತಿರುಗಿ ನೋಡುತ್ತಾನೆ.

ಒಂದು ಮುಂಜಾನೆ ಅವನ ಹಿಂಡು ನನ್ನ ಹೊಸ ಸಸಿಗಳಲ್ಲಿ ನುಗ್ಗಿತ್ತು. ನಾನು ಲಾಠಿ ಎತ್ತಿ, ಕುರಿಗಳನ್ನು ಜಪ್ತಿ ಮಾಡಿದ್ದೇನೆ, ಕೊಂಡವಾಡಕ್ಕೆ ಹಾಕುತ್ತೇನೆ ಎಂದೆ. ಬಿಡಾಡಿ ದನಗಳನ್ನು ಕೂಡಿಹಾಕುವ ಊರಿನ ದೊಡ್ಡಿಗೆ ನಮ್ಮಲ್ಲಿ ಕೊಂಡವಾಡ ಎನ್ನುತ್ತಾರೆ. ಮಾಯಪ್ಪ ಕಾಕಾ ವಾದ ಮಾಡಲಿಲ್ಲ, ಬದಿಗೆ ಸರಿದು ನಿಂತ. ನಾನು ಕುರಿಗಳನ್ನು ಹೊಡೆದೆ. ಅವು ನನ್ನ ಸುತ್ತ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ನಿಂತವು. ಮುಂದಿನ ಟಗರನ್ನು ಎಳೆದೆ, ಅದು ನನ್ನನ್ನೇ ಎಳೆಯಿತು. ಅರ್ಧ ತಾಸು ಹೀಗೇ ಆದ ಮೇಲೆ ಅವನು ಕೆಮ್ಮಿ ಮಾತಾಡಿದ.

"ಸಾಹೇಬ್ರ, ಅವು ನಿಮ್ಮ ಹಿಂದ ಬರಂಗಿಲ್ರಿ. ನಡೀರಿ, ನಾನ ಹೊಡಕೊಂಡ ಬರ್ತೇನಿ. ಕೊಂಡವಾಡ ಎಲ್ಲೈತಿ ಅಂತರ ಗೊತ್ತೈತಿಲ್ರಿ ನಿಮಗ?"

ಹೀಗೆ ಜಪ್ತಿಯಾದ ಕುರಿಗಳನ್ನು ಅವುಗಳ ಮಾಲೀಕನೇ ಮೂರು ಹರದಾರಿ ಹೊಡೆದುಕೊಂಡು ಬಂದ. ನಾನು ಹಿಂದೆ ಧೂಳು ತಿನ್ನುತ್ತಾ ನಡೆದೆ. ನಡುದಾರಿಯಲ್ಲಿ ಬೇವಿನ ಮರದ ಕೆಳಗೆ ಕೂತು ಅವನ ಹೆಂಡತಿ ನೀಲವ್ವ ಕಾಕು ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಝುಣಕ ಬಿಚ್ಚಿ ನನ್ನ ಮುಂದೆಯೂ ಎರಡು ರೊಟ್ಟಿ ಇಟ್ಟ. ತಿಂದ ಮೇಲೆ ಅವನ ಮೇಲೆ ಕೇಸು ಬರೆಯಲು ಕೈ ಬರಲಿಲ್ಲ. ಕೊಂಡವಾಡದ ಬಾಗಿಲಲ್ಲಿ, ಹೋಗು ಮಾರಾಯ, ಇನ್ನೊಮ್ಮೆ ಬರಬೇಡ ಎಂದು ಕಳಿಸಿದೆ. ಅವನು ಇನ್ನೊಮ್ಮೆ ಬಂದ. ಆಮೇಲೆ ಬರುತ್ತಲೇ ಇದ್ದ.

ನನ್ನ ಬೀಟಿನಲ್ಲಿ, ಅಂದರೆ ನನ್ನ ಕಾವಲಿನ ಭಾಗದಲ್ಲಿ, ಎಲ್ಲಕ್ಕಿಂತ ಎತ್ತರದ್ದು ಕರಿಕಲ್ಲು ಗುಡ್ಡ. ಆ ವರ್ಷ ಅದರ ಮೇಲೂ ಗುಂಡಿ ತೋಡುವಂತೆ ಆದೇಶ ಬಂತು. ಅದನ್ನು ಕೇಳಿ ಮಾಯಪ್ಪ ಕಾಕಾ ಮೊದಲ ಸಲ ಮುಖ ಗಂಟು ಹಾಕಿದ. ಆ ಗುಡ್ಡದ ಪಡುವಣ ಮಗ್ಗಲಿಗೆ ಮಾತ್ರ ಗುದ್ದಲಿ ಹಾಕಬೇಡಿ, ಅದು ಸಣ್ಣವನ ಮನೆ ಎಂದ. ಯಾವ ಸಣ್ಣವ ಎಂದು ಕೇಳಿದರೆ ಹೇಳಲಿಲ್ಲ. ಇದೂ ಅಜ್ಜಿ ಕೂತ ಬಂಡೆಯ ತರಹದ ಕಥೆ ಎಂದುಕೊಂಡು ನಕ್ಕು, ಮರುದಿನವೇ ಪಡುವಣ ಮಗ್ಗಲಿನಿಂದಲೇ ಕೆಲಸ ಶುರು ಮಾಡಿಸಿದೆ. ಹರೆಯದ ಸೊಕ್ಕು, ಮೇಲೆ ಖಾಕಿ ಅಂಗಿ.

ಎರಡನೆಯ ದಿನ ಮಧ್ಯಾಹ್ನ ಕೂಲಿಯವನೊಬ್ಬನ ಗುದ್ದಲಿ ಪೊಳ್ಳು ನೆಲಕ್ಕೆ ಬಿತ್ತು. ಬಂಡೆಯ ಅಡಿಯಲ್ಲಿ ಗವಿಯಂಥ ಬಿಲ. ಒಳಗೆ ನಾಲ್ಕು ಮರಿ, ಕಂದು ಬೂದಿ ಬಣ್ಣ, ಆಗತಾನೇ ಕಣ್ಣು ತೆರೆದವು. ಕೂಲಿಯವರು ತೋಳದ ಮರಿ ಎಂದು ಹಿಂದೆ ಸರಿದರು. ತಾಯಿ ಸುತ್ತ ಎಲ್ಲೂ ಕಾಣಲಿಲ್ಲ. ತಬ್ಬಲಿ ಮರಿಗಳು ಎಂದು ನಾನೇ ತೀರ್ಮಾನ ಮಾಡಿದೆ. ಮಣ್ಣು ಹೊರುವ ಬುಟ್ಟಿಯಲ್ಲಿ ಹುಲ್ಲು ಹಾಸಿ, ನಾಲ್ಕನ್ನೂ ಎತ್ತಿಕೊಂಡು ಕ್ವಾರ್ಟರ್ಸಿಗೆ ಬಂದೆ. ಹೆದ್ದಾರಿಯ ಬಾಜೂ ಇದ್ದ ಎಸ್‌ಟಿಡಿ ಬೂತಿನಿಂದ ರೇಂಜರ್ ಸಾಹೇಬರಿಗೆ ಫೋನ್ ಮಾಡಿದೆ. ಅವರು ಮೈಸೂರು ಕಡೆಯವರು, ಮಾತು ಕಡಿಮೆ. ಭಲೇ ಬಾಳಪ್ಪ, ನಾಳೆ ಮಧ್ಯಾಹ್ನ ಜೀಪು ತರುತ್ತೇನೆ, ಮೃಗಾಲಯಕ್ಕೆ ಕಳಿಸೋಣ ಎಂದರು. ಪೇಪರಿನಲ್ಲಿ ನನ್ನ ಫೋಟೋ ಬಂದಂತೆ ಕನಸು ಕಾಣುತ್ತಾ ಮರಿಗಳಿಗೆ ಎಮ್ಮೆಯ ಹಾಲು ಕುಡಿಸಿದೆ.

ಬೆಳಗಾಗುವಷ್ಟರಲ್ಲಿ ಒಂದು ಮರಿ ಹೊಟ್ಟೆಯುಬ್ಬಿ ಸತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೋ ತಿಳಿಯದೆ ನಿಂತಿದ್ದೆ. ಬಾಗಿಲಲ್ಲಿ ಮಾಯಪ್ಪ ಕಾಕಾ, ನೀಲವ್ವ ಕಾಕು ಇಬ್ಬರೂ ಬಂದು ನಿಂತಿದ್ದರು. ಕೂಲಿಯವರಿಂದ ಸುದ್ದಿ ಅವರಿಗೆ ಮುಟ್ಟಿತ್ತು. ಕಾಕು ಬೈಯಬಹುದೆಂದು ಕಾದೆ. ಅವಳು ಬುಟ್ಟಿಯಲ್ಲಿ ಬಗ್ಗಿ ನೋಡಿ, ಯಾವ ಹಾಲು ಹಾಕಿದೆ ಎಂದಷ್ಟೇ ಕೇಳಿದಳು. ಹೇಳಿದೆ.

"ಎಮ್ಮಿ ಹಾಲ ಆ ಹೊಟ್ಟಿಗಿ ಹೆಂಗ ತಡೀತೈತಪಾ ಬಾಳಪ್ಪಾ? ನಿಮ್ಮವ್ವ ನಿನಗ ಹುಟ್ಟಿದ ವಾರಕ್ಕ ರೊಟ್ಟಿ ತಿನಿಸಿದ್ಳೇನ?"

ಸತ್ತ ಮರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹಿತ್ತಲಿನಲ್ಲಿ ಹೂಳಿ, ಸೊಂಟದ ಚೀಲದಿಂದ ಅರಿಶಿನದ ಭಂಡಾರ ತೆಗೆದು ಅದರ ಮೇಲೆ ಎರಚಿದಳು. ಅವರು ತಮ್ಮ ಮನೆಯವರು ಸತ್ತರೆ ಮಾಡುವುದೂ ಹೀಗೆಯೇ. ನನಗೆ ಅಳು ಬಂತು. ಇಪ್ಪತ್ತಾರರ ಗಂಡಸು, ಖಾಕಿ ಪ್ಯಾಂಟು, ಹಿತ್ತಲಲ್ಲಿ ನಿಂತು ಅತ್ತೆ. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಆಗ ಮಾಯಪ್ಪ ಕಾಕಾ ಕಟ್ಟೆಯ ಮೇಲೆ ಕೂತು ಕಥೆ ಹೇಳಿದ. ಮೊದಲು ಆ ಗುಡ್ಡದಲ್ಲಿ ಒಬ್ಬ ತಾಯಿ, ಇಬ್ಬರು ಗಂಡುಮಕ್ಕಳು. ತಾಯಿ ಸಾಯುವಾಗ ಪಾಲು ಮಾಡಿದಳು. ದೊಡ್ಡವ ಎದುರಿಗಿದ್ದ, ಕುರಿಗಳೆಲ್ಲ ಅವನಿಗೆ ಹೋದವು. ಸಣ್ಣವ ಬೇಟೆಗೆ ಹೋದವನು ತಡವಾಗಿ ಬಂದ, ಅವನಿಗೆ ಉಳಿದದ್ದು ಬರೀ ಗುಡ್ಡ. ಸಿಟ್ಟಿಗೆ ಅವನ ಮೈಮೇಲೆ ಕೂದಲು ಬೆಳೆಯಿತು, ಮಾತು ಹೋಯಿತು. ಅಣ್ಣ ಅವನ ಕಾಲು ಹಿಡಿದು ಎರಡು ಮಾತು ಕೊಟ್ಟ. ಹಸಿದಾಗ ಬಂದು ನಿನ್ನ ಪಾಲು ಒಯ್ಯು, ನಾನು ಕೊಡಲಿ ಎತ್ತುವುದಿಲ್ಲ; ಮತ್ತೆ, ನಿನ್ನ ಮನೆ ಎಲ್ಲಿದೆ ಎಂದು ಯಾರಿಗೂ ತೋರಿಸುವುದಿಲ್ಲ. ಆ ದೊಡ್ಡವನ ವಂಶದವರು ನಾವು ಎಂದ. ತೋಳ ಕುರಿ ಎಳೆದುಕೊಂಡು ಹೋದರೆ ಅವರು ಬೈಯುತ್ತಾರೆ, ಕೂಗುತ್ತಾರೆ, ಆದರೆ ಬಾಯಲ್ಲಿ ಹಿಡಿದದ್ದನ್ನು ಕಸಿದುಕೊಳ್ಳುವುದಿಲ್ಲ. ನಾನು ಗುದ್ದಲಿ ಹಾಕುತ್ತೇನೆಂದಾಗ ಅವನು ಬಿಡಿಸಿ ಹೇಳದಿದ್ದುದೂ ಅದಕ್ಕೇ. ಹೇಳಿದರೆ ಮನೆ ತೋರಿಸಿದಂತೆ.

ಈ ಸಲ ನನಗೆ ನಗು ಬರಲಿಲ್ಲ. ಮುಂದೇನು ಮಾಡೋಣ ಎಂದು ಕೇಳಿದೆ. ನೀಲವ್ವ ಕಾಕು ಆಗಲೇ ಮರಿಗಳನ್ನು ಎತ್ತಿ ತನ್ನ ಕಂಬಳಿಯಲ್ಲಿ ಸುತ್ತುತ್ತಿದ್ದಳು. ಹೊಸದಾಗಿ ಹುಟ್ಟಿದ ಕುರಿಮರಿಗಳನ್ನು ಹೊರುವ ಕಂಬಳಿ ಅದು. ಮನುಷ್ಯರ ವಾಸನೆಗಿಂತ ಕುರಿಯ ವಾಸನೆ ಆ ತಾಯಿಗೆ ಪರಿಚಯ ಎಂದಳು. ನನ್ನ ಕೈಗೂ ಹಸಿ ಕುರಿಹಿಕ್ಕೆ ತಿಕ್ಕಿಸಿದಳು.

ಗುಡ್ಡಕ್ಕೆ ಹೋಗಿ, ಅಗೆದು ಅಗಲವಾಗಿದ್ದ ಬಿಲದ ಬಾಯಿಗೆ ಕಲ್ಲು ಜೋಡಿಸಿ, ಮೂರು ಮರಿಗಳನ್ನೂ ಒಳಗೆ ಬಿಟ್ಟೆವು. ಮಾಯಪ್ಪ ಕಾಕಾ ದೂರದಲ್ಲಿ ತನ್ನ ಹಿಂಡನ್ನು ಮೇಯಲು ಬಿಟ್ಟು, ಕುರಿಗಳ ನಡುವೆ ಕಂಬಳಿ ಹೊದ್ದು ಕೂತ. ದಿನಾ ನೋಡುವ ಹಿಂಡಿಗೆ ತೋಳ ಬೆದರುವುದಿಲ್ಲ. ಮುಂದೆ ನಾನು ಎಷ್ಟೋ ಸಲ ಹೀಗೆಯೇ ಕೂತು ನೋಡಿದ್ದೇನೆ. ಈಗಿನ ಕ್ಯಾಮೆರಾಗಳಿಗಿಂತ ಹತ್ತು ಪಾಲು ಚೆನ್ನಾಗಿ ಕಾಣುತ್ತದೆ, ಬೆನ್ನು ಮಾತ್ರ ನೋಯುತ್ತದೆ.

ನಾನು ಕೂರುವಂತಿರಲಿಲ್ಲ. ಮಧ್ಯಾಹ್ನ ಜೀಪು ಬರುವುದಿತ್ತು. ತಾಯಿ ಬರುತ್ತದೋ ಇಲ್ಲವೋ, ಬಂದರೂ ಮರಿಗಳನ್ನು ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲದೆ ಕೆಳಗೆ ಇಳಿದೆ. ರೇಂಜರ್ ಸಾಹೇಬರು ಬಂದು ಎಲ್ಲಿ ಮರಿ ಎಂದರು. ದಾರಿಯುದ್ದಕ್ಕೂ ಯೋಚಿಸಿ ಇಟ್ಟುಕೊಂಡಿದ್ದ ಮಾತು ಹೇಳಿದೆ. ಅವು ತೋಳವಲ್ಲ ಸರ್, ನಾಯಿಮರಿ, ನನಗೆ ಗುರುತು ಸಿಗಲಿಲ್ಲ, ತಾಯಿ ಬಂದು ಕರೆದುಕೊಂಡು ಹೋಯಿತು ಎಂದೆ. ಡ್ರೈವರು ಕಿಸಕ್ಕನೆ ನಕ್ಕ. ಸಾಹೇಬರು ನಗಲಿಲ್ಲ. ಬುಟ್ಟಿ ನೋಡಿದರು, ಹುಲ್ಲಿಗೆ ಅಂಟಿದ ಕೂದಲು ನೋಡಿದರು, ಹಿತ್ತಲಿನ ಹೊಸ ಮಣ್ಣಿನ ಮೇಲೆ ಚೆಲ್ಲಿದ ಭಂಡಾರವನ್ನೂ ನೋಡಿದರು. ನಾನು ಮಾಡಿದ ಚಹಾ ಕುಡಿದು ಎದ್ದರು.

"ಏನ್ರೀ ಬಾಳಪ್ಪ, ನಾಯಿಮರಿ ನೋಡೋದಕ್ಕೆ ನಾನು ಅಷ್ಟು ದೂರದಿಂದ ಬರಬೇಕಿತ್ತಾ? ಹೋಗ್ಲಿ. ಆ ಗುಡ್ಡದ ಬಗ್ಗೆ ಡೈರೀಲಿ ಏನು ಬರೀತೀರೋ ಯೋಚನೆ ಮಾಡಿ ಬರೀರಿ."

ಅವರಿಗೆ ತಿಳಿದಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ತಿಳಿದಿತ್ತು ಎಂದೇ ನನ್ನ ನಂಬಿಕೆ. ಅಂಥ ಮೇಲಧಿಕಾರಿ ಆಮೇಲೆ ನನಗೆ ಸಿಗಲಿಲ್ಲ. ಡ್ರೈವರಿನ ಕೃಪೆಯಿಂದ ನನಗೆ ಇಡೀ ರೇಂಜಿನಲ್ಲಿ ನಾಯಿಮರಿ ಗಾರ್ಡ್ ಎಂಬ ಹೆಸರು ಬಿತ್ತು. ನಿವೃತ್ತಿಯ ದಿನ ಹಾರ ಹಾಕಿದವರಲ್ಲೂ ಒಬ್ಬರು ಹಾಗೇ ಕರೆದರು.

ಜೀಪು ಹೋದ ಮೇಲೆ ಗುಡ್ಡಕ್ಕೆ ಓಡಿದೆ. ಬಿಸಿಲು ಇಳಿಯುತ್ತಿತ್ತು. ಮಾಯಪ್ಪ ಕಾಕಾ ಕಂಬಳಿಯ ಅಂಚು ಎತ್ತಿ ನನ್ನನ್ನೂ ಒಳಗೆ ಎಳೆದುಕೊಂಡ. ತಾಯಿ ಬಂದಿತ್ತು. ಎರಡು ಮರಿಗಳನ್ನು ಆಗಲೇ ಬಂಡೆಯ ಆಚೆ ಮಗ್ಗಲಿಗೆ ಸಾಗಿಸಿತ್ತಂತೆ. ನಾವು ನೋಡುತ್ತಿದ್ದಂತೆ ಮೂರನೆಯದನ್ನು ಕುತ್ತಿಗೆ ಹಿಡಿದು ಎತ್ತಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಖಾಲಿ ಬಾಯಲ್ಲಿ ಮತ್ತೆ ಬಂದು ಬಿಲದೊಳಗೆ ಹೊಕ್ಕು, ಹೊರಗೆ ಬಂದು ಮೂಸಿತು. ಮತ್ತೆ ಒಳಗೆ ಹೊಕ್ಕಿತು. ನಾಲ್ಕನೆಯದನ್ನು ಹುಡುಕುತ್ತಿತ್ತು. ಅದನ್ನು ನೋಡುತ್ತಾ ಕೂತ ಆ ಹೊತ್ತು ನನ್ನ ನೌಕರಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು.

ಆ ಸಂಜೆ ಬೀಟ್ ಡೈರಿಯಲ್ಲಿ ಎರಡು ಸಾಲು ಬರೆದೆ. ಕರಿಕಲ್ಲು ಗುಡ್ಡ: ಕೆಳಗೆ ಬಂಡೆ, ಸಸಿ ಬದುಕುವುದಿಲ್ಲ. ವನ್ಯಪ್ರಾಣಿಗಳ ಕುರುಹು ಏನೂ ಇಲ್ಲ. ಕೆಳಗೆ ಯಾರಿಗೂ ಓದಲಾಗದಂತೆ ಒಂದು ಗೀಚು ಎಳೆದೆ, ಅದೇ ನನ್ನ ಸಹಿ. ಮೊದಲ ಸಾಲಿನಿಂದ ಗುಂಡಿ ತೋಡುವುದು ನಿಂತಿತು. ಎರಡನೆಯ ಸಾಲಿನಿಂದ ಮರಿ ಹುಡುಕಿಕೊಂಡು ಯಾರೂ ಬರಲಿಲ್ಲ. ದೊಡ್ಡ ಜಾಣತನ ಮಾಡಿದೆನೆಂದು ಬೀಗಿದೆ. ಅಣ್ಣನ ಮಾತನ್ನು ನಾನೂ ಉಳಿಸಿದ್ದೇನೆ ಎಂಬ ಹೆಮ್ಮೆ ಬೇರೆ.

ಇಲಾಖೆಯಲ್ಲಿ ಒಮ್ಮೆ ಬರೆದ ಸಾಲಿಗೆ ಸಾವಿಲ್ಲ. ನಾನು ಬೇರೆ ಬೀಟಿಗೆ ಹೋದಾಗ ಬಂದ ಗಾರ್ಡು ನನ್ನ ಸಾಲುಗಳನ್ನೇ ನಕಲು ಮಾಡಿದ, ಅವನ ನಂತರದವನು ಅವನದನ್ನು. ನಾನು ತಿರುಗಿ ಅದೇ ಭಾಗಕ್ಕೆ ಬಡ್ತಿ ಪಡೆದು ಫಾರೆಸ್ಟರ್ ಆಗಿ ಬಂದಾಗ ನನ್ನ ಸುಳ್ಳೇ ನನ್ನ ಮುಂದೆ ಸಹಿಗೆ ಬಂತು. ಗೀಚಿದೆ. ಪ್ರಾಣಿ ಗಣತಿಯ ತಂಡ ಬಂದಾಗ ಗುಡ್ಡದ ಮೂಡಣ ಮಗ್ಗಲಿಂದ ನಡೆಸಿಕೊಂಡು ಹೋಗಿ, ಕಬ್ಬಿನ ಹಾಲು ಕುಡಿಸಿ ಕಳಿಸಿದೆ. ತಾನೇ ಫೋಟೋ ತೆಗೆಯುವ ಕ್ಯಾಮೆರಾ ಬಂದ ಮೊದಲ ವರ್ಷ, ನಾನೇ ಜಾಗ ಆರಿಸಿ ಗೂಟಕ್ಕೆ ಕಟ್ಟಿಸಿದೆ. ತಿಂಗಳ ನಂತರ ತೆಗೆದು ನೋಡಿದರೆ ಅದರ ತುಂಬ ಮಾಯಪ್ಪ ಕಾಕಾನ ಕುರಿಗಳ ಹಿಂಭಾಗ. ಒಂದರಲ್ಲಿ ಕಾಕಾ ಕ್ಯಾಮೆರಾದ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ.

ಈ ನಡುವೆ ಕಾಲ ಬದಲಾಯಿತು. ಹುಲ್ಲುಗಾವಲೂ ಕಾಡೇ, ತೋಳಕ್ಕೂ ಜಾಗ ಬೇಕು ಎಂದು ಮೇಲಿನವರೇ ಹೇಳತೊಡಗಿದರು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಣ್ಣನ ಮಾತು ಎಂಬ ನೆವ ಇತ್ತು. ಖರೆ ಹೇಳಬೇಕೆಂದರೆ, ಅಷ್ಟು ವರ್ಷದ ಸುಳ್ಳಿಗೆ ಯಾರಾದರೂ ಕಾರಣ ಕೇಳಿದರೆ ಎಂಬ ಅಂಜಿಕೆಯೂ ಇತ್ತು. ಹಾಗೆಯೇ ನಿವೃತ್ತನಾಗಿ ಹೆಂಡತಿಯ ತವರಾದ ಮೂಡಲಗಿಯಲ್ಲಿ ಮನೆ ಮಾಡಿದೆ.

ಕಳೆದ ಚಳಿಗಾಲದಲ್ಲಿ ಒಂದು ಮುಂಜಾನೆ ಸವಿತಾ ಎಂಬ ಹುಡುಗಿ ಸ್ಕೂಟಿಯಲ್ಲಿ ಮನೆಗೆ ಬಂದಳು. ಕಣಗಲಾ ಊರಿನವಳು. ನನ್ನ ಹಳೆಯ ಬೀಟಿಗೆ ಈಗ ಅವಳೇ ಗಾರ್ಡ್. ಕೈಯಲ್ಲಿ ಡೈರಿ ಇಲ್ಲ, ಎಲ್ಲ ಫೋನಿನಲ್ಲಿ. ಕರಿಕಲ್ಲು ಗುಡ್ಡದ ನಕ್ಷೆ ತೆಗೆದು ತೋರಿಸಿದಳು. ಅದರ ಮೇಲೆ ಉದ್ದಕ್ಕೂ ಕೆಂಪು ಗೆರೆಗಳು. ನೀರು ಇಂಗಿಸಲು ಕಂದಕ ತೋಡಿ ಗಿಡ ಹಚ್ಚುವ ಯೋಜನೆ, ಎಂಟು ದಿನದಲ್ಲಿ ಯಂತ್ರ ಬರುತ್ತದೆ ಎಂದಳು. ಕೆಳಗೆ ಬಂಡೆ ಇದೆಯಲ್ಲ ಎಂದೆ. ಈಗಿನ ಯಂತ್ರಕ್ಕೆ ಬಂಡೆ ಯಾವ ಲೆಕ್ಕ ಎಂದಳು. ಪ್ರಾಣಿಗಳಿದ್ದರೆ ಕೆಲಸ ಕೈಬಿಡುತ್ತಾರೆ, ಆದರೆ ಕಡತದಲ್ಲಿ ಮೊದಲಿನಿಂದ ಇಂದಿನವರೆಗೂ ಏನೂ ಇಲ್ಲ ಎಂದೇ ಇದೆ. ತಾನು ಮಾತ್ರ ಅಲ್ಲಿ ಒಂದು ಹೆಜ್ಜೆ ಗುರುತು ನೋಡಿದ್ದೇನೆ, ನಾಯಿಯದಲ್ಲ ಎನ್ನಿಸುತ್ತದೆ ಎಂದಳು.

"ಸರ್, ಕಡತದಾಗ ಮೊದಲನೇ ಸಾಲ ಬರದಾವ್ರು ನೀವು. ನೀವ ಹೇಳ್ರಿ. ಗುಡ್ಡದಾಗ ಖರೇನ ಏನೂ ಇಲ್ಲೇನ್ರಿ?"

ಒಳಗಿನಿಂದ ಚಹಾ ತಂದ ನನ್ನ ಹೆಂಡತಿ ನನ್ನ ಮುಖ ನೋಡಿ ಅಲ್ಲೇ ನಿಂತಳು. ಆ ತೋಳಗಳ ವಂಶವನ್ನು ಉಳಿಸಲೆಂದು ಬರೆದ ಸಾಲೇ ಈಗ ಅವುಗಳ ಮನೆಯ ಮೇಲೆ ಯಂತ್ರ ತರುತ್ತಿತ್ತು. ಅದೂ ಮರಿಗಳಿರುವ ಕಾಲದಲ್ಲಿ. ಸವಿತಾಳಿಗೆ ಏನೂ ಹೇಳದೆ, ನನ್ನ ಜೊತೆ ಬಾ ಎಂದೆ. ಮಾಯಪ್ಪ ಕಾಕಾನನ್ನು ಕೇಳದೆ ನಾನು ಬಾಯಿ ತೆರೆಯುವಂತಿರಲಿಲ್ಲ.

ಆಗ ಅವರ ಹಿಂಡು ಮೂಡಲಗಿಯ ಹೊರಗೆ, ಕಬ್ಬು ಕಡಿದ ಹೊಲವೊಂದರಲ್ಲಿ ನಿಂತಿತ್ತು. ಹಿಂಡು ಈಗ ಮಗನದು. ಕಾಕಾನಿಗೆ ಎಪ್ಪತ್ತು ದಾಟಿ ಬಹಳ ದಿನ ಆಯಿತು, ಕಣ್ಣು ಮಂಜು. ಆದರೂ ಮನೆಯಲ್ಲಿ ಕೂರಲು ಆಗದೆ ಹಿಂಡಿನ ಜೊತೆಗೇ ಇರುತ್ತಾನೆ, ಅವನ ಹಿಂದೆ ನೀಲವ್ವ ಕಾಕು. ರವದಿ ಎನ್ನುವ ಕಬ್ಬಿನ ಒಣಗರಿಯ ಮೇಲೆ ಕಂಬಳಿ ಹಾಸಿ ನಮ್ಮನ್ನು ಕೂಡಿಸಿದರು. ನಾನು ಎಲ್ಲ ಹೇಳಿದೆ. ಡೈರಿಯಲ್ಲಿ ನಾನು ಏನು ಬರೆದಿದ್ದೆ ಎಂಬುದು ಅವರಿಗೂ ಆ ದಿನವೇ ಗೊತ್ತಾದದ್ದು. ಮನೆ ಗುಡ್ಡದಲ್ಲಿ ಎಲ್ಲಿದೆ ಎಂಬುದನ್ನು ಮಾತ್ರ ಸವಿತಾಳ ಮುಂದೆ ಬಾಯಿ ಬಿಡಲಿಲ್ಲ.

ನೀಲವ್ವ ಕಾಕುವೇ ಮೊದಲು ಮಾತಾಡಿದಳು.

"ಮಾತ ಕೊಟ್ಟಾಂವ ಅಣ್ಣ. ಅಣ್ಣನ ಹೇಂತಿ ಯಾರಿಗೂ ಏನೂ ಮಾತ ಕೊಟ್ಟಿಲ್ಲ. ನೀ ಇಲ್ಲೇ ಕುಂದರು, ಈ ಹುಡಗಿಗಿ ನಾ ತೋರಿಸಿ ಬರ್ತೇನಿ."

ನನಗೆ ಜೀವ ಬಂದಂತಾಯಿತು. ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಮಾತೂ ಉಳಿಯುತ್ತದೆ, ಗುಡ್ಡವೂ ಉಳಿಯುತ್ತದೆ. ಕಾಕಾ ಒಪ್ಪಲಿಲ್ಲ.

"ಅದು ಕಳ್ಳ ದಾರಿ ಆಗತೈತಿ. ಅವಗ ಮೋಸ ಮಾಡಿದಂಗ. ಮಾತ ಮುರಿಯೂದಾದ್ರ ಕೊಟ್ಟಾಂವನ ಮುರೀಬೇಕು. ನಾ ಬರ್ತೇನಿ, ನಡೀರಿ."

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕರಿಕಲ್ಲು ಗುಡ್ಡಕ್ಕೆ ಯಂತ್ರ ಬರಲಿಲ್ಲ. ನಾನು ಲಿಖಿತ ಹೇಳಿಕೆ ಕೊಟ್ಟೆ. ಈಗಿನ ರೇಂಜರ್, ನನ್ನ ಮಗಳ ವಯಸ್ಸಿನವರು, ಅದನ್ನು ಎರಡು ಸಲ ಓದಿದರು. ಇಷ್ಟು ವರ್ಷ ಹೀಗೇಕೆ ಬರೆದಿರಿ ಎಂದು ಕೇಳಿದರು. ಮೊದಲು ಪ್ರೀತಿಗೆ, ಆಮೇಲೆ ಅಂಜಿಕೆಗೆ ಎಂದೆ. ಅವರು ತಾವೇ ಗುಡ್ಡಕ್ಕೆ ಬಂದು ನೋಡಿ, ಯೋಜನೆಯಿಂದ ಅದನ್ನು ತೆಗೆಸಿದರು. ನನ್ನ ಮೇಲೆ ಏನೂ ಕ್ರಮ ಆಗಲಿಲ್ಲ. ಆಗಿದ್ದರೂ ದೂರುವಂತಿರಲಿಲ್ಲ. ಎಳೆಯರಿಗೆ ಹೇಳುವುದು ಇಷ್ಟೇ. ಕಂಡದ್ದನ್ನು ಬರೆಯಿರಿ. ಯಾರನ್ನಾದರೂ ಕಾಪಾಡಲೆಂದು ಸುಳ್ಳು ಬರೆದರೆ, ಆ ಸುಳ್ಳನ್ನು ಕಾಯಲು ನೀವು ಎಲ್ಲ ಕಾಲಕ್ಕೂ ಅಲ್ಲಿ ಇರುವುದಿಲ್ಲ.

ಆದರೆ ನಾನು ಹೇಳಬೇಕಾದದ್ದು ಗುಡ್ಡ ಹತ್ತಿದ ಆ ಮುಂಜಾನೆಯ ಮಾತು. ಮರುದಿನ ಎಳೆಬಿಸಿಲಿನಲ್ಲಿ ಗುಡ್ಡದ ಬುಡದಿಂದ ಹೊರಟೆವು. ಕಾಕಾ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸವಿತಾಳ ಭುಜ ಹಿಡಿದಿದ್ದ. ಕಣ್ಣು ಕಾಣದಿದ್ದರೂ ದಾರಿ ಹೇಳುತ್ತಿದ್ದವನು ಅವನೇ. ಎಡಕ್ಕೆ ಕವಳಿ ಕಂಟಿ ಬಂತೇ, ಇನ್ನು ಬಲಕ್ಕೆ ಹೊರಳಿ ಎನ್ನುತ್ತಿದ್ದ. ಬಂಡೆ ಕಾಣುವ ಜಾಗಕ್ಕೆ ಬಂದಾಗ, ಇಲ್ಲಿಂದ ಮುಂದೆ ಯಾರೂ ಹೋಗಬೇಡಿ ಎಂದು ತಾನೇ ನಿಂತ. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಹಿಡಿದ. ಭಂಡಾರ ಎರಚಿ, ಕೋಲು ಎತ್ತಿ ಬಂಡೆಯ ಅಡಿಯನ್ನು ತೋರಿಸಿದ.

"ತಮ್ಮಾ, ಮಾತ ಮುರದೇನಿ. ನಿನ್ನ ಮನಿ ಉಳೀಲಿ ಅಂತ ಮುರದೇನಿ. ಸಿಟ್ಟ ಬಂದ್ರ ನನ್ನ ಹಿಂಡಿಗಿ ಬಾ, ಈ ಹುಡಗಿಗಿ ಏನೂ ಮಾಡಬ್ಯಾಡ."

ಸವಿತಾ ದುರ್ಬೀನು ಹಿಡಿದಳು. ಬಂಡೆಯ ಮುಂದೆ ಬಿಸಿಲಿನಲ್ಲಿ ಮೂರು ಮರಿ ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ನನಗೂ ನೋಡಲು ಕೊಟ್ಟಳು, ಕಣ್ಣಲ್ಲಿ ನೀರು ತುಂಬಿ ನನಗೆ ಏನೂ ಕಾಣಲಿಲ್ಲ. ಎಷ್ಟಿವೆ ಎಂದು ಕೇಳಿದ ಕಾಕಾ. ಮೂರು ಎಂದಳು. ಅವನು ತಲೆಯಾಡಿಸಿದ.

ಅವಳು ಫೋನಿನಲ್ಲಿ ಜಾಗ ಗುರುತು ಮಾಡಿ, ಫೋಟೋ ತೆಗೆದು, ಒಂದೊಂದೇ ಖಾನೆ ತುಂಬಿದಳು. ಮಾಹಿತಿ ಕೊಟ್ಟವರ ಹೆಸರು ಎಂಬಲ್ಲಿಗೆ ಬಂದಾಗ, ಅಜ್ಜಾ, ಇದನ್ನು ಖಾಲಿ ಬಿಡಬಹುದು, ನಿಮ್ಮ ಹೆಸರು ಬೇಡ, ನೀವು ಹೇಳಿದಿರಿ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಅವನ ಮೇಲಿನ ಮರುಕದಿಂದಲೇ ಹೇಳಿದಳು. ನಾನು ಮೊದಲ ಸುಳ್ಳು ಬರೆದದ್ದೂ ಅಂಥದೇ ಮರುಕದಿಂದ.

"ಬ್ಯಾಡವ್ವಾ, ಹೆಸರ ಹಾಕು. ತೋರಿಸಿದಾಂವ ಯಾರಂತ ಅವಗ ಗೊತ್ತಾಗಬೇಕು."

ಅವಳು ಒತ್ತಿದಳು. ಅವನ ಹೆಸರು, ಅವನ ಅಪ್ಪನ ಹೆಸರು, ಊರು. ಓದಿ ಹೇಳು ಎಂದ. ಅವಳು ಗಟ್ಟಿಯಾಗಿ ಓದಿದಳು. ಕಾಕಾ ಬಂಡೆಯ ಕಡೆ ಮುಖ ಮಾಡಿ, ಬರಿ ತಲೆಯಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡ. ಅದೇ ಮಧ್ಯಾಹ್ನ ನಾನು ಮನೆಗೆ ಬಂದು ನನ್ನ ಹೇಳಿಕೆ ಬರೆದೆ. ಕೆಳಗೆ ಗೀಚಲಿಲ್ಲ. ನನ್ನ ಹೆಸರು, ನನ್ನ ಅಪ್ಪನ ಹೆಸರು, ಊರು, ಎಲ್ಲವನ್ನೂ ಬಿಡಿ ಬಿಡಿಯಾಗಿ ಬರೆದೆ.